ಮಂಡಿ ತಕ್ಕಡಿಯಲ್ಲಿ ಸೈಕಲ್ ಚೀಲ: ಏನು ಬಿಡಬೇಕು, ಹೇಗೆ ಬಿಡಬೇಕು

ನನ್ನ ಸೈಕಲ್ ಚೀಲವನ್ನು ಮೊದಲ ಸಲ ತೂಗಿದ್ದು ಅಡಿಕೆ ಮಂಡಿಯ ತಕ್ಕಡಿಯಲ್ಲಿ. ನಾನು ಶಿವಮೊಗ್ಗದ ಒಂದು ಮಂಡಿಯಲ್ಲಿ ಲೆಕ್ಕ ಬರೆಯುವವಳು. ಅವತ್ತು ಶನಿವಾರ. ಮರುದಿನ ತೀರ್ಥಹಳ್ಳಿಗೆ ಹೋಗಿ ಬರುವುದಿತ್ತು, ಚೀಲ ತುಂಬಿಕೊಂಡೇ ಕೆಲಸಕ್ಕೆ ಬಂದಿದ್ದೆ. ನಮ್ಮ ಹಮಾಲಿ ಅಣ್ಣ ಅದನ್ನು ಎತ್ತಿ ನೋಡಿ, "ಏನಕ್ಕಾ, ಮನೆ ಬಿಟ್ಟು ಹೊಂಟ್ರಾ?" ಎಂದು ಕೇಳಿದರು. ಕೇಳಿ ಸುಮ್ಮನಾಗಲಿಲ್ಲ, ತಕ್ಕಡಿ ಮೇಲೂ ಇಟ್ಟರು. 6 ಕಿಲೋ 400 ಗ್ರಾಂ. ನೀರಿನ ಬಾಟಲಿ ಬೇರೆ.

ತೀರ್ಥಹಳ್ಳಿಗೆ ಹೋಗಿ ಬಂದರೆ ಹೆಚ್ಚುಕಡಿಮೆ 120 ಕಿಲೋಮೀಟರ್. ಅಷ್ಟು ದೂರ ಆ ಚೀಲ ಹೊತ್ತೆ. ಸಂಜೆ ಬಿಚ್ಚಿ ನೋಡಿದರೆ ಬಳಸಿದ್ದು ಎರಡು ಬಾಳೆಹಣ್ಣು, ಒಂದು ಟವೆಲ್. ಉಳಿದದ್ದೆಲ್ಲ ಊರು ನೋಡಿಕೊಂಡು ವಾಪಸು ಬಂದಿತ್ತು. ಮೂರು ಟ್ಯೂಬು, ಒಂದು ಮಡಚುವ ಟೈರು, ಪಂಪು, ಪಂಪಿನ ಜೊತೆಗೇ ಟೈರಿಗೆ ತುಂಬುವ ಗ್ಯಾಸ್ ಕಾರ್ಟ್ರಿಜ್ಜು, ದಪ್ಪ ರೇನ್‌ಕೋಟು, ಬೀಗದ ಚೈನು, ಎರಡು ಪವರ್ ಬ್ಯಾಂಕು. ಬೀಗ ಯಾಕೆ ಅಂತ ಈಗಲೂ ಗೊತ್ತಿಲ್ಲ. ಸೈಕಲ್ ಬಿಟ್ಟು ನಾನು ಹತ್ತು ಹೆಜ್ಜೆ ದೂರ ಹೋಗುವವಳಲ್ಲ.

ಎಂಟು ವರ್ಷ ಆಯಿತು. ಈಗ ಅದೇ ದಾರಿಗೆ ನನ್ನ ಚೀಲ 1 ಕಿಲೋ 150 ಗ್ರಾಂ. ಸೀಟಿನ ಕೆಳಗೆ ಕಟ್ಟುವ ಸಣ್ಣ ಚೀಲ, ಬೆನ್ನಿಗೆ ಏನೂ ಇಲ್ಲ. ಹೊಸದಾಗಿ ಸೈಕಲ್ ಹತ್ತಿದವರು "ಏನೇನು ತಗೊಳ್ಳಬೇಕು" ಎಂದು ಕೇಳುತ್ತಾರೆ. ಅದನ್ನು ಹೇಳುವುದಕ್ಕೆ ಅಂಗಡಿಯವರಿದ್ದಾರೆ. ಏನೇನು ಬಿಡಬೇಕು ಎನ್ನುವುದನ್ನು ನಾನು ಹೇಳುತ್ತೇನೆ.

ಮೊದಲು ಒಂದು ಪುಸ್ತಕ ಇಡಿ

ಬಿಡುವುದಕ್ಕೂ ಒಂದು ಕ್ರಮ ಬೇಕು. ನಾನು ನೂರು ಪುಟದ ನೋಟ್‌ಬುಕ್ಕಿನಲ್ಲಿ ಒಂದೊಂದು ಸಾಮಾನಿಗೂ ಒಂದು ಸಾಲು ಕೊಟ್ಟಿದ್ದೇನೆ. ಹೆಸರು, ಕೊಂಡ ತಿಂಗಳು, ಬೆಲೆ. ಪ್ರತಿ ಸವಾರಿ ಮುಗಿದ ಮೇಲೆ, ಚೀಲದಿಂದ ಹೊರಗೆ ತೆಗೆದ ಸಾಮಾನಿನ ಮುಂದೆ ಮಾತ್ರ ಒಂದು ಗೆರೆ. ಹೊತ್ತುಕೊಂಡು ಹೋದದ್ದಕ್ಕೆ ಗೆರೆ ಇಲ್ಲ. ಕೈಗೆ ಬಂದಿರಬೇಕು.

ಆರು ತಿಂಗಳಿಗೆ ಪುಸ್ತಕ ತಾನೇ ಮಾತಾಡುತ್ತದೆ. ನಮ್ಮ ಮಂಡಿಯಲ್ಲಿ ಅಡಿಕೆಯನ್ನು ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಬೇರೆ ಮಾಡುತ್ತಾರಲ್ಲ, ಹಾಗೇ ಮಾಡಿ. ಸರಕು ಎಲ್ಲಕ್ಕಿಂತ ಮೇಲಿನ ದರ್ಜೆ, ಗೊರಬಲು ಕೆಳಗಿನದು. ಯಾವಾಗಲೂ ಬೇಕಾದದ್ದು ಸರಕು. ಗೆರೆಯೇ ಇಲ್ಲದ್ದು ಗೊರಬಲು. ಗೊರಬಲಿಗೂ ಒಂದು ರೇಟ್ ಇರುತ್ತದೆ, ಹಾಗಾಗಿ ಎಸೆಯಬೇಡಿ. ಒಂದು ರಟ್ಟಿನ ಡಬ್ಬಿಗೆ ಹಾಕಿ ಅಟ್ಟದ ಮೇಲಿಡಿ.

ಇಲ್ಲಿ ಮೂರು ಎಚ್ಚರಿಕೆ. ಒಂದು ಸಲಕ್ಕೆ ಒಂದೇ ಸಾಮಾನು ಬಿಡಿ. ನಾನು ಒಂದೇ ವಾರದಲ್ಲಿ ಸೀಟಿನ ಕವರ್ ತೆಗೆದೆ, ಶೂ ಬದಲಿಸಿದೆ, ಸೀಟು ಒಂದು ಬೆರಳು ಇಳಿಸಿದೆ. ಮೊಣಕಾಲು ನೋಯತೊಡಗಿತು. ಮೂರರಲ್ಲಿ ಯಾವುದರ ತಪ್ಪು ಎಂದು ಕಂಡುಹಿಡಿಯಲು ಎರಡು ತಿಂಗಳು ಬೇಕಾಯಿತು. (ಸೀಟಿನದ್ದು.)

ಎರಡನೆಯದು, ಒಂದು ಬೇಸಿಗೆ ಮತ್ತು ಒಂದು ಮಳೆಗಾಲ ಕಳೆಯುವ ತನಕ ಯಾವುದನ್ನೂ ಮಾರಬೇಡಿ. ಬಯಲುಸೀಮೆಯವರಿಗೆ ಈ ಮಾತು ಅಷ್ಟು ಬೇಕಾಗಲಿಕ್ಕಿಲ್ಲ. ನಮಗೆ ಬೇಕು. ಫೆಬ್ರವರಿಯಲ್ಲಿ ಗೊರಬಲಾಗಿ ಕಂಡದ್ದು ಜುಲೈಯಲ್ಲಿ ಸರಕಾಗುತ್ತದೆ.

ಮೂರನೆಯದು, ಲೈಟು, ಪಂಕ್ಚರ್ ಸಾಮಾನು, ಹೆಲ್ಮೆಟ್ಟು ಇವಕ್ಕೆ ಗೆರೆಯ ಲೆಕ್ಕ ಹಾಕಬೇಡಿ. ಮಂಡಿಗೆ ಇಷ್ಟು ವರ್ಷ ಬೆಂಕಿ ಬಿದ್ದಿಲ್ಲ ಎಂದು ಇನ್ಶೂರೆನ್ಸ್ ನಿಲ್ಲಿಸುತ್ತೇವಾ?

ಸೀಟಿನ ಮೇಲಿನ ದಿಂಬು

ಎಲ್ಲರೂ ಮೊದಲು ಕೊಳ್ಳುವುದು ಇದನ್ನೇ, ಮೊದಲು ಬಿಡಬೇಕಾದದ್ದೂ ಇದೇ. ಜೆಲ್ ತುಂಬಿದ ಮೆತ್ತನೆಯ ಕವರ್. ಅಂಗಡಿಯಲ್ಲಿ ಒತ್ತಿ ನೋಡಿದಾಗ ಸ್ವರ್ಗ. ಅರ್ಧ ಗಂಟೆ ಸವಾರಿಗೂ ಸರಿ. ಎರಡು ಗಂಟೆ ಆದ ಮೇಲೆ ಜೋಮು ಹಿಡಿಯುತ್ತದೆ.

ಕಾರಣ ಸರಳ. ನಾವು ಕುಳಿತಾಗ ಭಾರ ಬೀಳಬೇಕಾದದ್ದು ಕುಂಡೆಯ ಎರಡು ಮೂಳೆಗಳ ಮೇಲೆ. ಸೀಟು ತುಂಬಾ ಮೆತ್ತಗಿದ್ದರೆ ಮೂಳೆ ಒಳಗೆ ಇಳಿಯುತ್ತದೆ, ಪಕ್ಕದ ಮೆತ್ತೆ ಉಬ್ಬಿ ನಡುವಿನ ಮೃದು ಜಾಗವನ್ನು ಒತ್ತುತ್ತದೆ. ಆ ಜಾಗದಲ್ಲಿ ನರ ಇದೆ, ರಕ್ತನಾಳ ಇದೆ. ನೋವು ಮೆತ್ತೆ ಸಾಲದ್ದಕ್ಕಲ್ಲ, ಜಾಸ್ತಿ ಆದದ್ದಕ್ಕೆ. ನಾನು ಇದನ್ನು ತಿಳಿಯದೆ ಕವರಿನ ಮೇಲೆ ಇನ್ನೊಂದು ಕವರ್ ಹಾಕಿದವಳು!

ಮಳೆಯಲ್ಲಿ ಇದರ ಇನ್ನೊಂದು ಗುಣ ಗೊತ್ತಾಗುತ್ತದೆ. ಮಂಡಗದ್ದೆ ಹತ್ತಿರ ಒಂದು ಸಲ ಜಡಿಮಳೆ ಹಿಡಿಯಿತು. ಕವರ್ ನೀರು ಕುಡಿದು ಸ್ಪಂಜಾಯಿತು. ಆಮೇಲೆ ಮಳೆ ನಿಂತರೂ ಪೆಡಲ್ ತುಳಿದಾಗಲೆಲ್ಲ ಪಿಚ್ ಪಿಚ್. ಶಿವಮೊಗ್ಗಕ್ಕೆ ಮೂವತ್ತು ಕಿಲೋಮೀಟರ್ ಒದ್ದೆ ಗೋಣಿಚೀಲದ ಮೇಲೆ ಕುಳಿತು ಬಂದ ಹಾಗೆ.

ಬದಲಿಗೆ ಅಗಲ ಅಳೆದುಕೊಳ್ಳಿ. ಗಟ್ಟಿ ಮೆಟ್ಟಿಲ ಮೇಲೆ ಸುರುಳಿ ರಟ್ಟಿನ ತುಂಡು ಹಾಕಿ, ಪಾರ್ಸೆಲ್ ಡಬ್ಬಿಯದ್ದು ಸಾಕು. ಅದರ ಮೇಲೆ ಕುಳಿತು ಸ್ವಲ್ಪ ಮುಂದಕ್ಕೆ ಬಾಗಿ, ಒಂದು ನಿಮಿಷ ಇರಿ. ಎದ್ದಾಗ ರಟ್ಟಿನಲ್ಲಿ ಎರಡು ಗುಳಿ ಬಿದ್ದಿರುತ್ತವೆ. ಒಂದರ ನಡುವಿನಿಂದ ಇನ್ನೊಂದರ ನಡುವಿಗೆ ಅಳೆಯಿರಿ. ಅದಕ್ಕೆ ಎರಡು ಸೆಂಟಿಮೀಟರ್ ಚಿಲ್ಲರೆ ಸೇರಿಸಿದರೆ ಹತ್ತಿರದ ಅಗಲ ಸಿಗುತ್ತದೆ. ನನ್ನದು 13 ಸೆಂಟಿಮೀಟರ್ ಬಂತು. ಸೈಕಲ್ ಜೊತೆ ಬಂದಿದ್ದ ಸೀಟು 14 ಸೆಂಟಿಮೀಟರ್ ಅಗಲ, ಈಗ ಹಾಕಿರುವುದು 15.5. ಹೆಂಗಸರಿಗೆ ಸಾಮಾನ್ಯವಾಗಿ ಅಗಲದ ಸೀಟು ಬೇಕಾಗುತ್ತದೆ. ಆದರೆ ಸಾಮಾನ್ಯವಾಗಿ ಎಂಬ ಮಾತನ್ನು ನಂಬಿ ಕೊಳ್ಳಬೇಡಿ, ರಟ್ಟು ನಂಬಿ.

ಚರ್ಮದ ಸೀಟು ಚೆನ್ನಾಗಿರುತ್ತದೆ, ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ನಮ್ಮ ಆಕಾರಕ್ಕೇ ಇಳಿಯುತ್ತದೆ. ನಮ್ಮ ಭಾನುವಾರದ ಗುಂಪಿನ ಮೇಷ್ಟ್ರೊಬ್ಬರು ಆಸೆಪಟ್ಟು ತಂದರು. ಆಷಾಢದಲ್ಲಿ ಎರಡು ವಾರ ಸೈಕಲ್ ಮುಟ್ಟಲಿಲ್ಲ. ತೆಗೆದು ನೋಡಿದರೆ ಸೀಟಿನ ಮೇಲೆ ಬೆಳ್ಳಗೆ ಬೂಷ್ಟು. ಬೆಲ್ಟು, ಚಪ್ಪಲಿ, ಪರ್ಸು ಯಾವುದನ್ನೂ ಬಿಡದ ಬೂಷ್ಟು ಸೀಟನ್ನು ಬಿಡುತ್ತಾ?

ಬಟ್ಟೆಯ ವಿಷಯ

ಕಾಟನ್ ಟೀ ಶರ್ಟ್ ಬಿಡಿ. ಬೆವರು ಕುಡಿದು ಮೈಗೆ ಅಂಟುತ್ತದೆ, ಇಳಿಜಾರಿನಲ್ಲಿ ಚಳಿ ಹಿಡಿಸುತ್ತದೆ. ಬೇಗ ಒಣಗುವ ಯಾವುದಾದರೂ ಸಾಕು, ಸೈಕಲ್ ಚಿತ್ರ ಇರುವ ದುಬಾರಿ ಜೆರ್ಸಿಯೇ ಆಗಬೇಕಿಲ್ಲ. ಚೂಡಿದಾರದ ವೇಲ್ ಹಾಕಿಕೊಂಡು ಸೈಕಲ್ ಹತ್ತಲೇಬೇಡಿ. ಅದನ್ನು ಚಕ್ರ ನುಂಗಿದರೆ ಕೊರಳಿಗೇ ಬರುತ್ತದೆ.

ಪ್ಯಾಡ್ ಇರುವ ಸೈಕಲ್ ಚಡ್ಡಿಯನ್ನು ಮಾತ್ರ ಇಟ್ಟುಕೊಳ್ಳಿ. ಅದರ ಒಳಗೆ ಇನ್ನೊಂದು ಒಳಉಡುಪು ಹಾಕುವುದನ್ನು ಬಿಡಿ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಒಳಉಡುಪಿನ ಹೊಲಿಗೆಯೇ ತೊಡೆ ಸಂದಿಯನ್ನು ಉಜ್ಜಿ ಹುಣ್ಣು ಮಾಡುವುದು. ಪ್ಯಾಡ್ ನೇರವಾಗಿ ಮೈಗೆ ತಾಗಬೇಕು, ಪ್ರತಿ ಸವಾರಿಗೂ ಒಗೆದದ್ದೇ ಆಗಬೇಕು.

ಹಾಗಂತ ಅದೊಂದನ್ನೇ ತೊಟ್ಟು ಹಳ್ಳಿ ಹೋಟೆಲಿಗೆ ಹೋದರೆ ನನಗಾದ ಹಾಗೆ ಆಗುತ್ತದೆ. ತೀರ್ಥಹಳ್ಳಿ ದಾರಿಯ ಒಂದು ಹೋಟೆಲಿನ ಅಜ್ಜಿ ಕಾಫಿ ಕೊಟ್ಟು, ಮೇಲಿಂದ ಕೆಳಗೆ ನೋಡಿ, "ಮಗಾ, ಲಂಗ ಹಾಕದು ಮರ್ತು ಬಂದ್ಯನೇ?" ಎಂದರು. ಅವತ್ತಿನಿಂದ ಮೇಲೆ ಒಂದು ಸಡಿಲವಾದ ತೆಳು ಚಡ್ಡಿ. ನೂರು ಗ್ರಾಂ ಜಾಸ್ತಿ ಆಯಿತು. ಅಜ್ಜಿ ಈಗ ಬನ್ಸ್ ಕೂಡ ಕೊಡುತ್ತಾರೆ.

ರೇನ್‌ಕೋಟು: ನನ್ನ ಅತಿ ದೊಡ್ಡ ನಷ್ಟ

ಪುಸ್ತಕದಲ್ಲಿ ಅತಿ ಹೆಚ್ಚು ಬೆಲೆಯ ಸಾಲು ಇದು. ನೀರು ಒಳಗೆ ಬಿಡದ, ಬೆವರನ್ನು ಮಾತ್ರ ಹೊರಗೆ ಬಿಡುವ ಜಾಕೆಟ್ಟು ಎಂದು ಹೇಳಿ ಕೊಟ್ಟರು. ಸುಳ್ಳಲ್ಲ, ಆದರೆ ಮಲೆನಾಡಿಗೆ ಪೂರ್ತಿ ನಿಜವೂ ಅಲ್ಲ. ಆ ಬಟ್ಟೆಯಿಂದ ಬೆವರಿನ ಹಬೆ ಹೊರಗೆ ಹೋಗಬೇಕಾದರೆ ಒಳಗಿನ ಗಾಳಿಗಿಂತ ಹೊರಗಿನ ಗಾಳಿಯಲ್ಲಿ ತೇವ ಕಡಿಮೆ ಇರಬೇಕು. ಜುಲೈಯಲ್ಲಿ ಆಗುಂಬೆ ಕಡೆ ಹೋಗಿ. ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ ಸುರಿಯುವ ಊರದು. ಗಾಳಿಯೇ ಒದ್ದೆ ಬಟ್ಟೆ. ಬೆವರು ಎಲ್ಲಿಗೆ ಹೋಗಬೇಕು? ಏರಿನಲ್ಲಿ ಅರ್ಧ ಗಂಟೆ ತುಳಿದರೆ ಹೊರಗಿನ ಮಳೆಗಿಂತ ಒಳಗಿನ ಮಳೆ ಜೋರು.

ನಮ್ಮ ಹಿರಿಯರು ಇದನ್ನು ಯಾವತ್ತೋ ತಿಳಿದಿದ್ದರು. ಗದ್ದೆ ನೆಟ್ಟಿಗೆ ಗೊರಬು ಹಾಕಿಕೊಂಡು ಬಾಗುತ್ತಿದ್ದರಲ್ಲ, ತಲೆ ಮತ್ತು ಬೆನ್ನು ಮಾತ್ರ ಮುಚ್ಚುತ್ತದೆ. ಮುಂದುಗಡೆ ಪೂರ್ತಿ ತೆರೆದಿರುತ್ತದೆ, ಗಾಳಿ ಆಡುತ್ತದೆ. ಕಂಬಳಿ ಕೊಪ್ಪೆಯೂ ಅಷ್ಟೇ, ಕೆಳಗೆ ಬಾಯಿ ತೆರೆದಿರುತ್ತದೆ. ಮೈ ಬಗ್ಗಿಸಿ ದುಡಿಯುವವರು ತಮ್ಮನ್ನು ಯಾವತ್ತೂ ಸುತ್ತಲೂ ಕಟ್ಟಿಕೊಂಡವರಲ್ಲ. ಗೊರಬು ಹಾಕಿ ಸೈಕಲ್ ಹೊಡೆಯಲು ಆಗುವುದಿಲ್ಲ, ಗಾಳಿಗೆ ಹಾರಿಹೋಗುತ್ತೇವೆ. ಆದರೆ ಬುದ್ಧಿ ತಗೊಳ್ಳಬಹುದು.

ಈಗ ನಾನು ಮಾಡುವುದು ಇಷ್ಟು. ಏರಿನಲ್ಲಿ ಮತ್ತು ಸಪಾಟು ರಸ್ತೆಯಲ್ಲಿ ನೆನೆಯುತ್ತೇನೆ. ತುಳಿಯುತ್ತಿರುವಾಗ ಮೈ ಬಿಸಿ ಇರುತ್ತದೆ, ನೆನೆದರೆ ಏನೂ ಆಗುವುದಿಲ್ಲ. ಕಷ್ಟ ಆಗುವುದು ನಿಂತಾಗ ಮತ್ತು ಇಳಿಯುವಾಗ. ಅದಕ್ಕೆ ಮುಷ್ಟಿಯಲ್ಲಿ ಹಿಡಿಯುವಷ್ಟು ತೆಳುವಾದ ಒಂದು ವಿಂಡ್‌ಚೀಟರ್. ಜೊತೆಗೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಒಂದು ಒಣ ಬನಿಯನ್. ಹೋಟೆಲ್ ತಲುಪಿದ ತಕ್ಷಣ ಬನಿಯನ್ ಬದಲಿಸಿದರೆ ಕಾಫಿ ಬರುವಷ್ಟರಲ್ಲಿ ಮೈ ಬೆಚ್ಚಗಾಗುತ್ತದೆ. ಇಳಿಯುವ ಮುಂಚೆ ಅಂಗಿಯ ಒಳಗೆ, ಎದೆಯ ಮೇಲೆ, ಹಳೇ ಪೇಪರ್ ಎರಡು ಹಾಳೆ ಮಡಚಿ ಇಟ್ಟುಕೊಳ್ಳಿ. ಯುರೋಪಿನ ರೇಸ್ ಸವಾರರು ಬೆಟ್ಟದ ನೆತ್ತಿಯಲ್ಲಿ ಪೇಪರ್ ಇಸಿದುಕೊಂಡು ಇಳಿಯುತ್ತಿದ್ದರು, ಹಳೇ ಉಪಾಯ. ಹೋಟೆಲಿನಲ್ಲಿ ಕೇಳಿದರೆ ನಿನ್ನೆಯ ಪೇಪರ್ ಕೊಡುತ್ತಾರೆ, ಹೊತ್ತುಕೊಂಡು ಹೋಗುವುದೂ ಬೇಡ.

ಶೂ ಕವರ್ ಬಿಡಿ. ನೀರು ಕಾಲಿನ ಮೇಲಿಂದ ಇಳಿದು ಒಳಗೇ ಹೋಗುತ್ತದೆ, ಹೋದದ್ದು ಹೊರಗೆ ಬರುವುದಿಲ್ಲ. ಮಳೆಗಾಲದಲ್ಲಿ ನಾನು ಹಿಂದೆ ಪಟ್ಟಿ ಇರುವ ಪ್ಲಾಸ್ಟಿಕ್ ಸ್ಯಾಂಡಲ್ಲಿನಲ್ಲೇ ಓಡಿಸುತ್ತೇನೆ. ಉಂಬಳ (ಜಿಗಣೆ) ಹತ್ತುತ್ತದೆ, ನಿಜ. ಅದು ಶೂ ಹಾಕಿದರೂ ಹತ್ತುತ್ತದೆ. ಸ್ಯಾಂಡಲ್ಲಾದರೆ ಕಾಣುತ್ತದೆ. ಒಂದು ಚಿಟಿಕೆ ಉಪ್ಪು ಕಾಗದದಲ್ಲಿ ಇದ್ದರೆ ಆಯಿತು.

ಕಾಲಿಗೆ ಕಟ್ಟಿಕೊಂಡ ಪೆಡಲ್

ಶೂ ತಳಕ್ಕೆ ಕ್ಲೀಟ್ ಎಂಬ ಕೊಂಡಿ ಹಾಕಿ ಪೆಡಲಿಗೆ ಕಚ್ಚಿಸಿಕೊಳ್ಳುವ ಪದ್ಧತಿ. ಹೆಸರು ಕ್ಲಿಪ್‌ಲೆಸ್, ಆದರೆ ಕಚ್ಚಿಕೊಳ್ಳುತ್ತದೆ! ಮುಂಚೆ ಪೆಡಲಿನ ಮೇಲೆ ಟೋ ಕ್ಲಿಪ್ ಎಂಬ ಪಂಜರ ಮತ್ತು ಬೆಲ್ಟ್ ಇರುತ್ತಿತ್ತು, ಅದು ಹೋದದ್ದಕ್ಕೆ ಈ ಹೆಸರು. ಫ್ರಾನ್ಸಿನ ಲುಕ್ ಕಂಪನಿ 1984ರಲ್ಲಿ ಸ್ಕೀ ಬೂಟಿನ ಕೊಂಡಿಯ ಮಾದರಿಯಲ್ಲಿ ರಸ್ತೆ ಸೈಕಲ್ಲಿಗೆ ತಂದಿತು. ಮರುವರ್ಷವೇ ಬರ್ನಾರ್ ಇನೋ ಅದನ್ನು ಹಾಕಿ ಟೂರ್ ದ ಫ್ರಾನ್ಸ್ ಗೆದ್ದರು. ಹಾಗಾಗಿ ಪದ್ಧತಿಯಲ್ಲಿ ತಪ್ಪಿಲ್ಲ.

ತಪ್ಪಿದ್ದು ನಾನು. ಸಕ್ರೆಬೈಲಿನ ಆನೆ ಬಿಡಾರದಲ್ಲಿ ಆನೆ ನೋಡಲು ಬಂದವರು ಗೇಟಿನ ಮುಂದೆ ಸಾಲು ನಿಂತಿದ್ದರು. ಒಂದು ಮಗು ಅಡ್ಡ ಬಂತು, ಬ್ರೇಕ್ ಹಾಕಿದೆ, ಸೈಕಲ್ ನಿಂತಿತು, ಕಾಲು ಬರಲಿಲ್ಲ. ಕಡಿದ ಬಾಳೆಗಿಡದ ಹಾಗೆ ನಿಧಾನಕ್ಕೆ ಬಲಕ್ಕೆ ಒರಗಿ ಬಿದ್ದೆ. ಅರ್ಧ ಸಾಲು ಆನೆ ಬಿಟ್ಟು ನನ್ನನ್ನು ನೋಡಿತು.

ಬಿದ್ದದ್ದಕ್ಕೆ ಬಿಡಲಿಲ್ಲ, ಎಲ್ಲರೂ ಎರಡು ಮೂರು ಸಲ ಬೀಳುತ್ತಾರೆ. ಬಿಟ್ಟದ್ದು ಕೆಸರಿಗೆ. ನಮ್ಮ ಕೆಂಪು ಮಣ್ಣಿನಲ್ಲಿ ನಾಲ್ಕು ಹೆಜ್ಜೆ ನಡೆದರೆ ಕ್ಲೀಟಿನ ಸಂದಿ ತುಂಬುತ್ತದೆ. ಆಮೇಲೆ ಅದು ಕಚ್ಚುವುದಿಲ್ಲ, ಕಚ್ಚಿದರೆ ಬಿಡುವುದಿಲ್ಲ. ನಾನು ದಾರಿಯಲ್ಲಿ ಇಳಿದು ತೋಟ ನೋಡುವವಳು, ಕಾಲುಸಂಕ ದಾಟುವವಳು. ಬ್ರೆವೆ ಎಂಬ, ಗೊತ್ತಾದ ಸಮಯದೊಳಗೆ ಮುಗಿಸಬೇಕಾದ 200, 300 ಕಿಲೋಮೀಟರ್ ಸವಾರಿ ಓಡಿಸುವವರು ಇಟ್ಟುಕೊಳ್ಳಲಿ, ಅವರಿಗೆ ಅದರಿಂದ ಉಪಯೋಗ ಇದೆ. ಉಳಿದವರಿಗೆ ಮೊಳೆಯಂಥ ಸಣ್ಣ ಪಿನ್ನು ಇರುವ ಅಗಲದ ಪೆಡಲ್ ಸಾಕು, ಮಳೆಯಲ್ಲೂ ಕಾಲು ಜಾರುವುದಿಲ್ಲ. ಪಿನ್ನು ಮೊಣಕಾಲ ಕೆಳಗೆ ಬಡಿದರೆ ಮಾತ್ರ ಅಮ್ಮಾ ಎನ್ನಬೇಕಾಗುತ್ತದೆ.

ಟೈರು, ಗೇರು, ಮತ್ತೆ ಜಂಭ

ತೆಳ್ಳಗಿನ ಟೈರೇ ಜೋರಾಗಿ ಓಡುತ್ತದೆ ಎಂದು ನಾನೂ ನಂಬಿದ್ದೆ. 23 ಮಿಲಿಮೀಟರ್ ಟೈರಿಗೆ 110 ಪಿಎಸ್‌ಐ ಗಾಳಿ ಹೊಡೆದು ಕಲ್ಲಿನ ಹಾಗೆ ಮಾಡಿಕೊಂಡು ಹೋಗುತ್ತಿದ್ದೆ. ಮಳೆಗಾಲ ಮುಗಿದ ಮೇಲಿನ ನಮ್ಮ ರಸ್ತೆ ಗೊತ್ತಲ್ಲ. ಅಂಚು ಕಿತ್ತಿರುತ್ತದೆ, ಜಲ್ಲಿ ಎದ್ದಿರುತ್ತದೆ. ಗಟ್ಟಿ ಟೈರು ಪ್ರತಿ ಕಲ್ಲಿಗೂ ಮೇಲಕ್ಕೆ ಹಾರುತ್ತದೆ. ಮುಂದೆ ಓಡಬೇಕಾದ ಶಕ್ತಿ ನಮ್ಮನ್ನು ಎತ್ತಿ ಕುಕ್ಕುವುದಕ್ಕೇ ಖರ್ಚು. ಈಗ 32 ಮಿಲಿಮೀಟರ್ ಟೈರು. ನಾನು 58 ಕಿಲೋ, ಮುಂದೆ 50, ಹಿಂದೆ 55 ಪಿಎಸ್‌ಐ. ನೀವು ಭಾರ ಇದ್ದರೆ ಸ್ವಲ್ಪ ಜಾಸ್ತಿ ಬೇಕು. ಸರಾಸರಿ ವೇಗ ಕಡಿಮೆ ಆಗಲಿಲ್ಲ, ಕೈ ನೋವು ಹೋಯಿತು. ಕೊಳ್ಳುವ ಮುಂಚೆ ಫೋರ್ಕಿನಲ್ಲಿ ಜಾಗ ಇದೆಯಾ ನೋಡಿ. ಟೈರಿನ ಎರಡೂ ಪಕ್ಕ ಕನಿಷ್ಠ 4 ಮಿಲಿಮೀಟರ್ ಉಳಿಯಬೇಕು, ಇಲ್ಲದಿದ್ದರೆ ಕೆಸರು ಕೂತು ಉಜ್ಜುತ್ತದೆ.

ಅಗಲದ ಟೈರು ಬಂದ ಮೇಲೆ ಮುಂದಿನ ಸ್ಪ್ರಿಂಗ್ ಫೋರ್ಕ್ ಬೇಕಾಗುವುದಿಲ್ಲ. ಅಗ್ಗದ ಸೈಕಲ್ಲಿನಲ್ಲಿ ಅದೊಂದೇ ಎರಡು ಕಿಲೋ ಮೇಲೆ ತೂಗುತ್ತದೆ, ಏರಿನಲ್ಲಿ ಎದ್ದು ತುಳಿದರೆ ತೊಟ್ಟಿಲಿನ ಹಾಗೆ ತೂಗುತ್ತದೆ, ಎರಡು ಮಳೆಗಾಲಕ್ಕೆ ತುಕ್ಕು.

ಗೇರಿನಲ್ಲಿ ನಾನು ಬಿಟ್ಟದ್ದು ಮುಂದಿನ ದೊಡ್ಡ ಹಲ್ಲಿನ ಚಕ್ರ. ಅಂದರೆ ಜಂಭ. ಟೂರ್ ದ ಫ್ರಾನ್ಸ್ ಶುರು ಮಾಡಿದ ಆನ್ರಿ ದೆಗ್ರಾಂಜ್, ಗೇರು ಬದಲಿಸುವುದೆಲ್ಲ 45 ದಾಟಿದವರಿಗೆ ಎಂದು 1902ರಲ್ಲೇ ಬರೆದಿದ್ದರು. 1937ರ ತನಕ ಆ ರೇಸಿನಲ್ಲಿ ಡಿರೇಲರ್, ಅಂದರೆ ಚೈನನ್ನು ಒಂದು ಹಲ್ಲಿನ ಚಕ್ರದಿಂದ ಇನ್ನೊಂದಕ್ಕೆ ಸರಿಸುವ ಸಾಧನ, ಹಾಕಲು ಬಿಡಲೇ ಇಲ್ಲ. ನನಗೆ 49, ಅವರ ಅಪ್ಪಣೆ ಸಿಕ್ಕಿದ ಹಾಗಾಯಿತು. ಸೋಮೇಶ್ವರದಿಂದ ಆಗುಂಬೆಗೆ 14 ತಿರುವು ಹತ್ತಬೇಕಾದರೆ ಮುಂದೆ 34 ಹಲ್ಲು, ಹಿಂದೆಯೂ 34 ಹಲ್ಲು ಇರಲಿ. ಪೆಡಲ್ ಒಂದು ಸುತ್ತಿಗೆ ಚಕ್ರ ಒಂದೇ ಸುತ್ತು. ನಡೆಯುವವರಿಗಿಂತ ಸ್ವಲ್ಪ ಜೋರು ಅಷ್ಟೇ, ಆದರೆ ಮೊಣಕಾಲು ಮರುದಿನ ಮೆಟ್ಟಿಲಿಳಿಯುತ್ತದೆ.

ರಿಪೇರಿ ಸಾಮಾನು, ಮತ್ತು ದಾರಿಯ ಲೆಕ್ಕ

ಹದಿನೆಂಟು ಕೆಲಸ ಮಾಡುವ ಮಡಚುವ ಟೂಲ್ ನನ್ನಲ್ಲೂ ಇತ್ತು. ಹೀಗೆ ಮಾಡಿ. ಒಂದು ಭಾನುವಾರ ಆ ಟೂಲ್ ಹಿಡಿದು ನಿಮ್ಮ ಸೈಕಲ್ಲಿನ ಪ್ರತಿ ಬೋಲ್ಟಿಗೂ ಹಾಕಿ ನೋಡಿ. ಹೊಂದಿದ ಕೀಗೆ ಒಂದು ಚೂರು ಟೇಪ್ ಸುತ್ತಿ. ನನ್ನದರಲ್ಲಿ ಟೇಪ್ ಬಂದದ್ದು ನಾಲ್ಕಕ್ಕೆ: 4, 5, 6 ಮಿಲಿಮೀಟರ್ ಅಲೆನ್ ಕೀ ಮತ್ತು ಡಿಸ್ಕ್ ಬೋಲ್ಟಿನ ಟಿ25 ನಕ್ಷತ್ರ ಕೀ. ಆ ನಾಲ್ಕನ್ನು ಬಿಡಿಯಾಗಿ ಕೊಂಡೆ, ರಬ್ಬರ್ ಬ್ಯಾಂಡ್ ಹಾಕಿದೆ.

ಗ್ಯಾಸ್ ಕಾರ್ಟ್ರಿಜ್ ಬಿಡಿ. 16 ಗ್ರಾಮಿನದ್ದು ಒಂದು ಟೈರಿಗೆ ಒಂದೇ ಸಲ. ತಪ್ಪಿದರೆ ಪುಸ್ ಎಂದು ಆಕಾಶಕ್ಕೆ. ಸರಿಯಾಗಿ ತುಂಬಿದರೂ ಇಂಗಾಲದ ಡೈಆಕ್ಸೈಡ್ ಟ್ಯೂಬಿನ ರಬ್ಬರಿನಿಂದ ಬೇಗ ಸೋರುತ್ತದೆ, ಮರುದಿನ ಟೈರು ಮೆತ್ತಗಿರುತ್ತದೆ. ಕೈ ಪಂಪು ಎಷ್ಟು ಸಲ ಬೇಕಾದರೂ ಹೊಡೆಯುತ್ತದೆ.

ಬಿಡುವ ಬರಹದಲ್ಲಿ ಒಂದೇ ಒಂದು ಸಾಮಾನು ಕೊಳ್ಳಿ ಎನ್ನುತ್ತೇನೆ. ಹಿತ್ತಾಳೆಯ ಅಡಾಪ್ಟರ್, ಕಡಲೆಕಾಳಿನಷ್ಟು. ನಿಮ್ಮದು ತೆಳ್ಳಗಿನ ಪ್ರೆಸ್ಟಾ ವಾಲ್ವ್ ಆದರೆ ನಮ್ಮ ದಾರಿಯ ಪಂಕ್ಚರ್ ಅಂಗಡಿಯ ಗಾಳಿ ಅದಕ್ಕೆ ಹೋಗುವುದಿಲ್ಲ. ತೀರ್ಥಹಳ್ಳಿಯಲ್ಲಿ ಒಬ್ಬರು ಟೈರು ತಿರುಗಿಸಿ ತಿರುಗಿಸಿ ನೋಡಿ, "ಇದೆಂಥದು ಮಾರಾಯ್ರೆ, ಸೂಜಿ ಇದ್ದಂಗಿದೆ" ಎಂದು ಕೈಚೆಲ್ಲಿದರು. ಅಡಾಪ್ಟರ್ ತಿರುಪಿದರೆ ಬೈಕಿಗೆ ಗಾಳಿ ಹೊಡೆಯುವ ಯಾವ ಅಂಗಡಿಯಲ್ಲೂ ಕೆಲಸ ಆಗುತ್ತದೆ. ಕಂಪ್ರೆಸರ್ ಇದ್ದರೆ ಸ್ವಲ್ಪ ಸ್ವಲ್ಪವೇ ಬಿಡಿಸಿಕೊಳ್ಳಿ.

ಇನ್ನೊಂದು ಮುಖ್ಯ ವಿಷಯ. ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಒಂದೊಂದು ದಾರಿಗೂ ಒಂದು ಪುಟ ಇಡಿ. ಕುಡಿಯುವ ನೀರು ಎಲ್ಲಿ, ಬೆಳಿಗ್ಗೆ ಬೇಗ ತೆರೆಯುವ ಹೋಟೆಲ್ ಎಲ್ಲಿ, ಪಂಕ್ಚರ್ ಅಂಗಡಿ ಎಲ್ಲಿ, ಸೈಕಲ್ಲನ್ನು ಟಾಪಿಗೆ ಹಾಕಿಕೊಳ್ಳುವ ಬಸ್ಸು ಎಷ್ಟು ಹೊತ್ತಿಗೆ. ನಾನು ಮೂರು ಟ್ಯೂಬು ಹೊತ್ತದ್ದು ಪಂಕ್ಚರ್ ಜಾಸ್ತಿ ಆಗುತ್ತಿತ್ತು ಎಂದಲ್ಲ. ಗಾಜನೂರು ದಾಟಿದ ಮೇಲೆ ಯಾರಿದ್ದಾರೆ, ಏನಿದೆ ಗೊತ್ತಿರಲಿಲ್ಲ. ಗೊತ್ತಾದ ಹಾಗೆ ಹಿಂದಿನ ಪುಟ ತುಂಬಿತು, ಮುಂದಿನ ಪುಟದ ಸಾಮಾನು ಒಂದೊಂದೇ ಅಟ್ಟ ಹತ್ತಿತು. ಎರಡು ಲೀಟರ್ ನೀರು ಹೊರುವವರು ನೀರು ಸಿಗುವ ಎರಡು ಜಾಗ ಬರೆದುಕೊಂಡರೆ ಒಂದು ಲೀಟರ್ ಇಳಿಯುತ್ತದೆ. ಹೊಸ ದಾರಿಗೆ ಹೋಗುವಾಗ ಮಾತ್ರ ಅಟ್ಟದಿಂದ ಸ್ವಲ್ಪ ಇಳಿಸಿಕೊಳ್ಳುತ್ತೇನೆ. ಹೊಸನಗರ ದಾಟಿ ಹುಲಿಕಲ್ ಘಾಟಿ ಕಡೆ ಹೋದಾಗ ಚೀಲ ಮತ್ತೆ ಎರಡೂವರೆ ಕಿಲೋ ಆಗಿತ್ತು. ನಾಚಿಕೆ ಏನಿಲ್ಲ.

ಸಣ್ಣಪುಟ್ಟವು

ಎದೆಗೆ ಕಟ್ಟುವ ನಾಡಿ ಬೆಲ್ಟು, ಪೆಡಲ್ ಸುತ್ತು ಎಣಿಸುವ ಸೆನ್ಸರು, ಸ್ಪೀಕರು: ಗೊರಬಲು. ನಕ್ಷೆಗೆ ಬೇರೆ ಯಂತ್ರ ಬೇಡ. ಜಿಪಿಎಸ್‌ಗೆ ಮೊಬೈಲ್ ನೆಟ್‌ವರ್ಕ್ ಬೇಕಿಲ್ಲ, ಮನೆಯಲ್ಲೇ ನಕ್ಷೆ ಇಳಿಸಿಕೊಂಡರೆ ಟವರ್ ಇಲ್ಲದ ಕಾಡಿನಲ್ಲೂ ಫೋನ್ ದಾರಿ ತೋರಿಸುತ್ತದೆ.

ಎನರ್ಜಿ ಜೆಲ್ ಪ್ಯಾಕೆಟ್ ಬಿಡಿ. ಪುಟ್ಟಬಾಳೆ ಎರಡು, ಶೇಂಗಾ ಚಿಕ್ಕಿ ಒಂದು. ಬೇಸಿಗೆಯಲ್ಲಿ ಒಂದು ಓಆರ್‌ಎಸ್ ಪೊಟ್ಟಣ, ಅದರ ಮೇಲೆ ಎಷ್ಟು ನೀರಿಗೆ ಎಂದು ಬರೆದಿದೆಯೋ ಅಷ್ಟಕ್ಕೇ ಕಲಸಬೇಕು.

ಬಿಟ್ಟು ಮತ್ತೆ ತಂದದ್ದು

ಮಡ್‌ಗಾರ್ಡ್ ತೆಗೆದದ್ದು ಸೈಕಲ್ ಚೆಂದ ಕಾಣಲಿ ಎಂದು. ಜನವರಿಯಲ್ಲಿ ತೆಗೆದೆ, ಜೂನ್ ತನಕ ಚೆಂದ ಕಂಡಿತು. ಮೊದಲ ಮಳೆಗೆ ಬೆನ್ನ ಮೇಲೆ ಸೊಂಟದಿಂದ ಕುತ್ತಿಗೆ ತನಕ ಕೆಂಪು ಪಟ್ಟೆ. ಅಂಗಿ ಒಗೆಯಬಹುದು. ಚಕ್ರ ಎತ್ತಿ ಎರಚುವ ನೀರಿನಲ್ಲಿ ಮರಳು ಇರುತ್ತದೆ, ಅದು ಚೈನಿಗೆ ಹತ್ತಿ ಅರೆಯುತ್ತದೆ. ಆ ವರ್ಷ ಚೈನು ಒಂದೇ ಮಳೆಗಾಲಕ್ಕೆ ಸವೆಯಿತು. (ಸವೆತ ನೋಡುವುದು ಸುಲಭ. ಸ್ಟೀಲ್ ಸ್ಕೇಲಿನಲ್ಲಿ ಒಂದು ಪಿನ್ನಿನಿಂದ 12 ಇಂಚು ಅಳೆಯಿರಿ. ಹೊಸ ಚೈನಿನಲ್ಲಿ ಸರಿಯಾಗಿ ಪಿನ್ನಿನ ಮೇಲೆ ಬರುತ್ತದೆ. ಇಂಚಿನ ಹದಿನಾರನೇ ಒಂದು ಭಾಗ ಜಾಸ್ತಿ ಬಂದರೆ ಚೈನು ಬದಲಿಸಿ. ಎಂಟನೇ ಒಂದು ಭಾಗ ಆಗುವ ತನಕ ಬಿಟ್ಟರೆ ಹಿಂದಿನ ಹಲ್ಲಿನ ಚಕ್ರವನ್ನೂ ಬದಲಿಸಬೇಕಾಗುತ್ತದೆ.) ಅದಕ್ಕಿಂತ ಹೆಚ್ಚಾಗಿ, ರಸ್ತೆಯ ನೀರೆಂದರೆ ಸಗಣಿ ನೀರೂ ಹೌದು. ಅದು ಬಾಟಲಿಯ ಬಾಯಿಗೆ ಸಿಡಿಯುತ್ತದೆ, ನಾವು ಅದೇ ಬಾಯಿಂದ ಕುಡಿಯುತ್ತೇವೆ. ಆಗಸ್ಟಿನಲ್ಲಿ ನಾಲ್ಕು ದಿನ ಹೊಟ್ಟೆ ಹಿಡಿದುಕೊಂಡು ಮಲಗಿದ ಮೇಲೆ ಅಟ್ಟ ಹತ್ತಿ ಮಡ್‌ಗಾರ್ಡ್ ಇಳಿಸಿದೆ. ಟೈರಿಗೂ ಅದಕ್ಕೂ ಒಂದು ಸೆಂಟಿಮೀಟರ್ ಅಂತರ ಇರಲಿ, ಕಡ್ಡಿ ಸಿಕ್ಕಿಕೊಂಡರೆ ಚಕ್ರ ಹಿಡಿದು ಎತ್ತಿ ಹಾಕುತ್ತದೆ.

ಬೆಲ್ಲೂ ಹಾಗೇ ವಾಪಸು ಬಂತು. ಬಾಯಲ್ಲಿ "ಸೈಡ್" ಎಂದು ಕೂಗಿದರೆ ಜನ ಬೆಚ್ಚಿ ನಡುರಸ್ತೆಗೇ ಬರುತ್ತಾರೆ. ಟಿಣ್ ಎಂದರೆ ಪಕ್ಕಕ್ಕೆ ಸರಿಯುತ್ತಾರೆ. ದನಗಳು ಎರಡಕ್ಕೂ ಸರಿಯುವುದಿಲ್ಲ.

ಬ್ರೇಕ್ ರಬ್ಬರ್ ಮತ್ತು ಲೈಟಿನಲ್ಲಿ ಉಳಿತಾಯ ಬೇಡವೇ ಬೇಡ. ಮಳೆಗಾಲದಲ್ಲಿ ವಾರಕ್ಕೊಮ್ಮೆ ರಬ್ಬರಿನಲ್ಲಿ ಕಚ್ಚಿಕೊಂಡ ಕಲ್ಲಿನ ಚೂರನ್ನು ಪಿನ್ನಿನಿಂದ ತೆಗೆಯಿರಿ, ಇಲ್ಲದಿದ್ದರೆ ರಿಮ್ಮನ್ನೇ ಕೊರೆಯುತ್ತದೆ. ರಬ್ಬರಿನ ಮೇಲಿನ ಗೆರೆ ಸವೆದರೆ ಬದಲಿಸಿ. ಡಿಸ್ಕ್ ಬ್ರೇಕ್ ಆದರೆ ಮಳೆಗೆ ಲೋಹದ ಪ್ಯಾಡ್ ಹಾಕಿ, ಬೇಗ ಸವೆಯುವುದಿಲ್ಲ. ಲೈಟು ಹಗಲಲ್ಲೂ ಇರಲಿ. ಘಾಟಿಯ ಮಂಜಿನಲ್ಲಿ ಬಸ್ಸಿನವರಿಗೆ ನಾವು ಕಾಣುವುದು ಆ ಕೆಂಪು ಚುಕ್ಕೆಯಿಂದ ಮಾತ್ರ.

ಅಟ್ಟದ ಡಬ್ಬಿ

ವರ್ಷಕ್ಕೊಮ್ಮೆ, ದೀಪಾವಳಿ ಕ್ಲೀನಿಂಗಿಗೆ, ಡಬ್ಬಿ ಇಳಿಸುತ್ತೇನೆ. ಒಂದು ವರ್ಷ ಪೂರ್ತಿ ಕೇಳದೇ ಉಳಿದದ್ದು ಹೋಗುತ್ತದೆ. ಕ್ಲೀಟ್ ಶೂ ಮತ್ತು ಪೆಡಲ್ ಅರ್ಧ ಬೆಲೆಗೆ ಮಾರಾಟವಾದವು. ಕೊಂಡ ಹುಡುಗನಿಗೆ ಸಕ್ರೆಬೈಲಿನ ಕಥೆ ಹೇಳಿಯೇ ಕೊಟ್ಟೆ. ಸ್ಪ್ರಿಂಗ್ ಫೋರ್ಕ್ ಸೈಕಲ್ ಶಾಪಿನವರು ಬಿಡಿಭಾಗಕ್ಕೆ ಇಟ್ಟುಕೊಂಡರು. ರೇನ್‌ಕೋಟನ್ನು ನನ್ನ ಮಗ ಬೈಕಿಗೆ ಹಾಕುತ್ತಾನೆ. ಬೈಕಿನಲ್ಲಿ ಬೆವರುವುದಿಲ್ಲವಲ್ಲ, ಅಲ್ಲಿ ಅದು ಸರಕೇ. ಜೆಲ್ ಕವರ್ ಮಂಡಿಯಲ್ಲಿ ನನ್ನ ಮರದ ಸ್ಟೂಲಿನ ಮೇಲಿದೆ. ಲೆಕ್ಕ ಬರೆಯುವಾಗ ಅರ್ಧ ಗಂಟೆಗೊಮ್ಮೆ ಏಳುತ್ತೇನೆ, ಹಾಗಾಗಿ ಜೋಮು ಹಿಡಿಯುವುದಿಲ್ಲ.

ಚೀಲದಲ್ಲಿ ಇನ್ನೂ ಎರಡು ಟ್ಯೂಬು ಇವೆ. ಎರಡನೆಯದರ ಸಾಲಿನಲ್ಲಿ ನಾಲ್ಕು ವರ್ಷದಿಂದ ಒಂದೂ ಗೆರೆ ಬಿದ್ದಿಲ್ಲ. ಹಮಾಲಿ ಅಣ್ಣ ಚೀಲ ಎತ್ತಿದಾಗಲೆಲ್ಲ ನೂರು ಗ್ರಾಂ ಜಾಸ್ತಿ ಇದೆ ಎನ್ನುತ್ತಾರೆ. ಈ ಮಳೆಗಾಲ ಮುಗಿಯಲಿ, ನೋಡೋಣ.